ಇಂಗ್ಲಿಷ್ ಪಾಠಕ್ಕೆ ಯಾವ ಪುಟ?

ಕರ್ನಾಟಕದ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಕೆಲವು ವರ್ಷಗಳಿಂದ ಎರಡು ಪಾಠಗಳು ಒಂದೇ ರಟ್ಟಿನೊಳಗೆ ಬದುಕುತ್ತಿವೆ. ಒಂದು ಆರ್.ಕೆ. ನಾರಾಯಣ್ ಅವರ ‘ಎ ಹೀರೋ’. ಇನ್ನೊಂದು ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ಎತ್ತಿಕೊಂಡ, ಕರುಣೆಯನ್ನು ಕುರಿತ ಪೋರ್ಷಿಯಾಳ ಮಾತು. ಎರಡೂ ಒಳ್ಳೆಯ ಸಾಹಿತ್ಯವೇ. ಎರಡನ್ನೂ ಓದಬೇಕಾದದ್ದು ಅದೇ ಕನ್ನಡ ಮಾಧ್ಯಮದ ಹುಡುಗಿ, ಕಲಿಸಬೇಕಾದದ್ದು ಅದೇ ಮೇಷ್ಟ್ರು, ಇರುವುದು ಅದೇ ನಲವತ್ತು ನಿಮಿಷದ ಪೀರಿಯಡ್ಡು. ಆದರೆ ತರಗತಿಯಲ್ಲಿ ಇವೆರಡರ ಗತಿ ಬೇರೆ ಬೇರೆಯಾಗುತ್ತದೆ. ಏಕೆ ಎಂದು ಕೇಳಿಕೊಂಡರೆ, ಇಂಗ್ಲಿಷ್ ಕಲಿಯುವವರ ಮುಂದೆ ಯಾವ ಪುಟ ಇಡಬೇಕು ಎಂಬ ದೊಡ್ಡ ಪ್ರಶ್ನೆಯ ತುದಿಯೊಂದು ಕೈಗೆ ಸಿಗುತ್ತದೆ.

ನಾರಾಯಣರ ಕಥೆಯಲ್ಲಿ ಸ್ವಾಮಿಯ ಅಪ್ಪ ಪೇಪರಿನಲ್ಲಿ ಹುಲಿಯೊಂದಿಗೆ ಹೋರಾಡಿದ ಹುಡುಗನ ಸುದ್ದಿ ಓದುತ್ತಾರೆ. ಧೈರ್ಯದ ಮೇಲೆ ಉಪದೇಶ ಶುರುವಾಗುತ್ತದೆ. ಈ ರಾತ್ರಿ ಅಜ್ಜಿಯ ಪಕ್ಕ ಮಲಗುವುದು ಬೇಡ, ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅಪ್ಪಣೆಯಾಗುತ್ತದೆ. ಹೆದರಿ ಬೆಂಚಿನ ಕೆಳಗೆ ಸೇರಿಕೊಂಡ ಹುಡುಗ ಕತ್ತಲಲ್ಲಿ ಯಾವುದೋ ಕಾಲಿಗೆ ಹಲ್ಲು ಹಾಕುತ್ತಾನೆ. ಅದು ಕಳ್ಳನ ಕಾಲಾಗಿರುತ್ತದೆ. ಉಪದೇಶ ಮಾಡುವ ಅಪ್ಪ, ಕಾಪಾಡುವ ಅಜ್ಜಿ, ಕತ್ತಲೆಯ ಭಯ, ಸುಮ್ಮನೆ ಸಿಕ್ಕ ಹೊಗಳಿಕೆ: ಇದರಲ್ಲಿ ಸಿಂಧನೂರಿನ ಮಗುವಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಇಂಗ್ಲಿಷ್ ಒಂದನ್ನು ಬಿಟ್ಟು. ಮುಂದೇನಾಗುತ್ತದೆಂದು ಊಹಿಸಲು ಅದಕ್ಕೆ ಬರುತ್ತದೆ. ಆ ಊಹೆಯ ಬಲದಿಂದಲೇ ಗೊತ್ತಿಲ್ಲದ ಪದಗಳನ್ನು ಅದು ದಾಟುತ್ತದೆ.

ಪೋರ್ಷಿಯಾಳ ಮಾತಿಗೆ ಬನ್ನಿ. ವೆನಿಸ್ಸಿನ ನ್ಯಾಯಾಲಯ, ವಕೀಲನ ವೇಷ ಹಾಕಿದ ಹೆಣ್ಣು, ಸಾಲದ ಕರಾರು, ಶೈಲಾಕನೆಂಬ ಯಹೂದಿಯ ಮೇಲೆ ಆ ಕಾಲದವರಿಗಿದ್ದ ದ್ವೇಷ, ರಾಜದಂಡ ಮತ್ತು ದೇವರ ಕರುಣೆಯ ನಡುವಿನ ವಾದ, ಇಷ್ಟೂ ಗೊತ್ತಿದ್ದರೆ ಮಾತಿನ ಸೊಗಸು ತಿಳಿಯುತ್ತದೆ. ಮೇಲಾಗಿ ಭಾಷೆ ನಾನ್ನೂರು ವರ್ಷ ಹಿಂದಿನದು, ಪದ್ಯದ್ದು. ಇಂಥ ಜಾಗದಲ್ಲಿ ಮೇಷ್ಟ್ರು ಮಾಡಬಹುದಾದದ್ದು ಒಂದೇ: ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿ, ಸಾರಾಂಶ ಬರೆಸಿ, ಪರೀಕ್ಷೆಗೆ ಬೇಕಾಗುವ ಸಾಲುಗಳನ್ನು ಬಾಯಿಪಾಠ ಮಾಡಿಸುವುದು. ಉಳಿದದ್ದನ್ನು ಗೈಡು ನೋಡಿಕೊಳ್ಳುತ್ತದೆ. ಮಗು ಆ ಸಾಲುಗಳನ್ನು ತಪ್ಪಿಲ್ಲದೆ ಬರೆಯುತ್ತದೆ, ಅಂಕವೂ ಬರುತ್ತದೆ. ಇಂಗ್ಲಿಷಿನಲ್ಲಿ ಒಂದು ಹೊಸ ವಾಕ್ಯವನ್ನು ತಾನಾಗಿ ಕಟ್ಟಲು ಅದಕ್ಕೆ ಈ ಪಾಠ ಏನನ್ನೂ ಕೊಟ್ಟಿರುವುದಿಲ್ಲ.

ನನ್ನ ವಾದ ಇಷ್ಟೇ. ಕಲಿಯುವವರ ಮುಂದಿಡುವ ಪುಟದಲ್ಲಿ ಭಾಷೆಯೂ ಹೊಸದು, ಹೇಳುವ ವಿಷಯವೂ ಹೊಸದು ಎಂದಾದರೆ ಮಗುವಿನ ಕೈಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಎರಡರಲ್ಲಿ ಒಂದು ಪರಿಚಿತವಾಗಿರಬೇಕು. ಅದು ಯಾವುದು ಎಂದು ನಿರ್ಧರಿಸುವ ಅಧಿಕಾರ ಆ ಮಗುವಿನ ಮುಖ ನೋಡುತ್ತ ನಿಂತಿರುವ ಮೇಷ್ಟ್ರಿಗೆ ಇರಬೇಕು. ಕೇಳಲು ಸರಳವಾದ ಈ ಮಾತಿಗೆ ನಮ್ಮ ಪಠ್ಯಪುಸ್ತಕ ಪದ್ಧತಿಯಲ್ಲಿ ಜಾಗ ಸಿಕ್ಕಿಲ್ಲ. ಅಲ್ಲಿ ಪಾಠಗಳು ಬರುವುದು ಲೇಖಕರ ಹೆಸರಿನ ತೂಕದಿಂದ, ನೀತಿಯ ತೂಕದಿಂದ, ಯಾರನ್ನೂ ಬಿಟ್ಟಿಲ್ಲ ಎಂದು ತೋರಿಸುವ ಪ್ರಾತಿನಿಧ್ಯದ ತೂಕದಿಂದ. ರಾಷ್ಟ್ರಭಕ್ತಿಗೊಂದು, ವಿಜ್ಞಾನಕ್ಕೊಂದು, ಪರಿಸರಕ್ಕೊಂದು, ವಿಶ್ವಸಾಹಿತ್ಯಕ್ಕೊಂದು. ಇದನ್ನು ಇಟ್ಟುಕೊಂಡು ಮಗು ಏನು ಮಾಡುತ್ತದೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಪಾಠದ ಹಿಂದಿನ ಅಭ್ಯಾಸದ ಪುಟಗಳಲ್ಲಿ.

ಇಷ್ಟು ಕೇಳಿದ ಕೂಡಲೇ ‘ಹಾಗಾದರೆ ನಮ್ಮೂರಿನ ಕಥೆಗಳನ್ನೇ ಇಂಗ್ಲಿಷಿನಲ್ಲಿ ಹಾಕಿಬಿಡಿ’ ಎನ್ನುವವರಿದ್ದಾರೆ. ನಾನು ಅವರ ಪಕ್ಷವಲ್ಲ. ಮಕ್ಕಳಿಗೆ ದೂರದ ಲೋಕದ ಮೇಲೆ ಇರುವ ಆಸೆ ದೊಡ್ಡವರಿಗಿಂತ ಹೆಚ್ಚಿನದು. ಡೈನೋಸಾರನ್ನು ಯಾವ ಮಗು ಕಣ್ಣಾರೆ ಕಂಡಿದೆ? ಅದೇ ಹತ್ತನೆಯ ತರಗತಿಯ ಪುಸ್ತಕದಲ್ಲಿ ಕಾರ್ಲ್ ವೆಂಡೆಲ್ ಹೈನ್ಸ್ ಅವರ ‘ಜಾಝ್ ಪೊಯೆಮ್ ಟೂ’ ಎಂಬ ಪದ್ಯವಿದೆ. ಕುತ್ತಿಗೆಗೆ ಸ್ಯಾಕ್ಸೋಫೋನ್ ನೇತುಹಾಕಿಕೊಂಡ ಸುಕ್ಕುಮುಖದ ಕಪ್ಪು ಮುದುಕನೊಬ್ಬನ ಚಿತ್ರ ಅದು. ಅಮೆರಿಕದ ಜಾಝ್ ನಮ್ಮ ಹಳ್ಳಿಗೆ ಎಷ್ಟು ದೂರವೋ ಅಷ್ಟು ದೂರ. ಆದರೆ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ 2019ರಲ್ಲಿ ತೀರಿಕೊಂಡವರು. ಪಾಠಕ್ಕೆ ಮೊದಲು ಮೊಬೈಲಿನಲ್ಲಿ ಐದು ನಿಮಿಷ ಅವರ ವಾದನ ಕೇಳಿಸಿದರೆ ಸಾಕು, ಆ ಮುದುಕನ ಕೊರಳಲ್ಲಿರುವುದು ಏನು, ಅದು ಹೇಗೆ ಮೊರೆಯುತ್ತದೆ ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಪದ್ಯದ ವಾಕ್ಯಗಳೂ ಚಿಕ್ಕವು, ಈ ಕಾಲದವು. ದೂರದ ವಸ್ತು ಹೀಗೆ ಹತ್ತಿರ ಬರುತ್ತದೆ. ಪುಸ್ತಕ ಸಮಿತಿಗೆ ಈ ಉಪಾಯ ಹೊಳೆಯಬೇಕೆಂದಿಲ್ಲ, ಮಂಗಳೂರಿನ ಒಬ್ಬ ಟೀಚರಿಗೆ ಹೊಳೆಯಬಹುದು. ಹಾಗೆಯೇ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಒಮ್ಮೆ ನೋಡಿದ ಮಗು ‘ಎ ಹೀರೋ’ ಓದುವಾಗ ಒಂದು ಮುಖವನ್ನು ಕಣ್ಣಮುಂದೆ ಇಟ್ಟುಕೊಂಡೇ ಓದುತ್ತದೆ.

ಪರದೇಶದ ಪುಸ್ತಕ ಹೊತ್ತು ತಂದಾಗ ಏನಾಗುತ್ತದೆ ಎಂಬುದಕ್ಕೆ ಜಾಫ್ನಾದ ಉದಾಹರಣೆ ಪ್ರಸಿದ್ಧ. ಸುರೇಶ್ ಕನಗರಾಜ ಅವರು ಯುದ್ಧಕಾಲದ ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ತರಗತಿಗೆ ಗೊತ್ತುಮಾಡಿದ್ದದ್ದು ‘ಅಮೆರಿಕನ್ ಕರ್ನಲ್ ಲೆಸನ್ಸ್’ ಎಂಬ ಪುಸ್ತಕ. ವಿದ್ಯಾರ್ಥಿಗಳು ಪಾಠದಲ್ಲಿ ಮೌನವಾಗಿದ್ದರು, ಪುಸ್ತಕದ ಅಂಚಿನಲ್ಲಿ ಮಾತಾಡುತ್ತಿದ್ದರು. ಅಲ್ಲಿನ ಪಾತ್ರಗಳನ್ನು ಅವರು ತಮ್ಮ ಊರಿನವರನ್ನಾಗಿ ತಿದ್ದಿದ್ದರು, ಸಿನಿಮಾ ಮತ್ತು ರಾಜಕೀಯದ ಗೀಚುಗಳನ್ನು ತುಂಬಿದ್ದರು. ಕನಗರಾಜ ಈ ಅಂಚುಗಳನ್ನು ಕೂತು ಓದಿದರು. 1993ರಲ್ಲಿ ಪ್ರಬಂಧವಾಗಿ ಬರೆದರು. ಇಲ್ಲಿಗೆ ನಿಲ್ಲಿಸಿದರೆ ಪರಕೀಯ ಪುಸ್ತಕಕ್ಕೆ ವಿದ್ಯಾರ್ಥಿಗಳ ಪ್ರತಿರೋಧ ಎಂಬ ಸುಲಭದ ಕಥೆಯಾಗುತ್ತದೆ. ಆದರೆ ಅದೇ ವಿದ್ಯಾರ್ಥಿಗಳು ಮೇಷ್ಟ್ರ ಬಳಿ ಕೇಳಿದ್ದು ಪರೀಕ್ಷೆಗೆ ಒದಗುವ ವ್ಯಾಕರಣವನ್ನು. ಗುಂಪು ಚರ್ಚೆ, ಸಂಭಾಷಣೆಯ ಆಟಗಳು ಅವರಿಗೆ ಕಾಲಹರಣವಾಗಿ ಕಂಡವು. ಸಂಸ್ಕೃತಿ ನಮ್ಮದಾದ ಮಾತ್ರಕ್ಕೆ ಪುಟ ಗೆಲ್ಲುವುದಿಲ್ಲ. ಕಲಿಯುವವರು ಯಾಕೆ ಕಲಿಯುತ್ತಿದ್ದಾರೆ ಎಂಬುದನ್ನೂ ಆರಿಸುವವರು ತಿಳಿದಿರಬೇಕು.

ವಿಷಯ ಆಯಿತು. ಭಾಷೆಯ ಭಾರವನ್ನು ಅಳೆಯುವುದು ಹೇಗೆ? ಇದರಲ್ಲಿ ನಮ್ಮ ಉಪಖಂಡಕ್ಕೆ ನೂರು ವರ್ಷದ ಅನುಭವವಿದೆ. ಢಾಕಾದ ಅಧ್ಯಾಪಕರ ತರಬೇತಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಮೈಕೆಲ್ ವೆಸ್ಟ್ ಬಂಗಾಳದ ಶಾಲಾ ಮಕ್ಕಳ ಇಂಗ್ಲಿಷ್ ಓದುಪುಸ್ತಕಗಳನ್ನು ಪರೀಕ್ಷಿಸಿದರು. ಎಲ್ಲೆಲ್ಲೂ ಅಪರೂಪದ, ಸಾಹಿತ್ಯಿಕ ಪದಗಳು. ಹೊಸ ಪದದ ಹೆಗಲ ಮೇಲೆ ಇನ್ನೊಂದು ಹೊಸ ಪದ. ಒಮ್ಮೆ ಬಂದ ಪದ ಮತ್ತೆ ಮುಖ ತೋರಿಸುವುದೇ ಇಲ್ಲ. ಅವರು ಅಪರೂಪದ ಪದ ತೆಗೆದು ಬಳಕೆಯ ಪದ ಹಾಕಿದರು, ಹೊಸ ಪದಗಳ ನಡುವೆ ಅಂತರ ಇಟ್ಟರು, ಕಲಿತ ಪದ ಮತ್ತೆ ಮತ್ತೆ ಬರುವಂತೆ ಬರೆಸಿದರು. ಅವರ 1926ರ ವರದಿ, ‘ನ್ಯೂ ಮೆಥಡ್’ ಓದುಪುಸ್ತಕಗಳು, 1953ರಲ್ಲಿ ಬಂದ ಸುಮಾರು ಎರಡು ಸಾವಿರ ಪದಗಳ ಪಟ್ಟಿ, ಎಲ್ಲವೂ ಆ ಕೆಲಸದ ಫಲ. ಬಂಗಾಳಿ ಹುಡುಗನಿಗೆ ಇಂಗ್ಲಿಷ್ ಮಾತಾಡುವುದಕ್ಕಿಂತ ಓದುವುದು ಮುಖ್ಯ ಎಂಬ ಅವರ ತೀರ್ಮಾನವನ್ನು ಇವತ್ತು ಯಾವ ತಾಯ್ತಂದೆಯೂ ಒಪ್ಪಲಾರರು. ಅವರ ಅಳತೆಗೋಲನ್ನು ಮಾತ್ರ ಎಸೆಯಬೇಕಾಗಿಲ್ಲ. ಆಮೇಲಿನ ಸಂಶೋಧಕರು, ಮುಖ್ಯವಾಗಿ 2000ದಲ್ಲಿ ಹು ಮತ್ತು ನೇಷನ್, ಯಾರ ನೆರವೂ ಇಲ್ಲದೆ ಒಂದು ಕಥೆಯನ್ನು ಸರಿಯಾಗಿ ಗ್ರಹಿಸಲು ನೂರರಲ್ಲಿ ಸುಮಾರು 98 ಪದ ಗೊತ್ತಿರಬೇಕು ಎಂದು ಕಂಡುಕೊಂಡರು.

ನೂರಕ್ಕೆ ಎರಡು. ಈ ಲೆಕ್ಕವನ್ನು ಯಾವ ಮೇಷ್ಟ್ರೂ ಪೆನ್ಸಿಲ್ ಹಿಡಿದು ಮಾಡಬಹುದು. ತರಗತಿಯ ಮಧ್ಯಮ ಮಟ್ಟದ ಮಗುವಿಗೆ ನೂರು ಪದದ ತುಂಡೊಂದನ್ನು ಕೊಟ್ಟು, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆ ಎಂದರೆ ಆಯಿತು. ಎರಡು ಮೂರು ಗೆರೆ ಬಿದ್ದರೆ ಅದು ಮಗು ತಾನೇ ಮನೆಯಲ್ಲಿ ಓದುವ ಪುಟ. ಎಂಟು ಹತ್ತು ಬಿದ್ದರೆ ಮೇಷ್ಟ್ರ ಜೊತೆ ತರಗತಿಯಲ್ಲಿ ಓದುವ ಪುಟ. ಮೂವತ್ತು ಬಿದ್ದರೆ ಅದು ಗೈಡಿಗೆ ವ್ಯಾಪಾರ. 2022ರ ಅಸರ್ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಶೇ. 24.5, ಎಂಟನೆಯ ತರಗತಿಯವರಲ್ಲಿ ಶೇ. 46.7 ಮಂದಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರಾಗಿದ್ದರು. ಸರಳ ವಾಕ್ಯ ಓದಲಾಗದ ಅರ್ಧ ತರಗತಿಯೇ ಎರಡು ವರ್ಷ ಕಳೆದು ಪೋರ್ಷಿಯಾಳ ಎದುರಿಗೆ ಕೂರುತ್ತದೆ.

ಪದ ಎಣಿಸುವುದರಲ್ಲೇ ಎಲ್ಲ ಮುಗಿಯುವುದಾದರೆ ಕಂಪ್ಯೂಟರೇ ಪಾಠ ಆರಿಸಿಬಿಡಬಹುದಿತ್ತು. ಸುಲಭದ ಪದಗಳಿಂದ ಕಟ್ಟಿದ ಸಪ್ಪೆ ಪಾಠಗಳು ನಮ್ಮಲ್ಲಿ ಬೇಕಾದಷ್ಟಿವೆ. ದಿಸ್ ಈಸ್ ಎ ಪೆನ್ ಎಂದು ಎಲ್ಲರ ಕಣ್ಣಿಗೂ ಕಾಣುವ ಪೆನ್ನನ್ನು ಎತ್ತಿ ತೋರಿಸಿ ಹೇಳಿಸುವ ಪಾಠಗಳಲ್ಲಿ ಒಂದು ಪೀಳಿಗೆ ಕಲಿಯಿತು. ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲವೇ ಎಂದು ಮಕ್ಕಳು ಕೇಳದಿದ್ದದ್ದು ಅವರ ಸೌಜನ್ಯ. ಈ ಬೇಸರಕ್ಕೆ ಉತ್ತರ ಹುಡುಕಿದ್ದು ಬೆಂಗಳೂರಿನಲ್ಲೇ ಎಂಬುದನ್ನು ನಾವು ಮರೆತಿದ್ದೇವೆ.

1963ರಲ್ಲಿ ಆರಂಭವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿದೆ. ಅದರ ಆಶ್ರಯದಲ್ಲಿ, ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ಅಲ್ಲಿ ವ್ಯಾಕರಣದ ಪಟ್ಟಿ ಇರಲಿಲ್ಲ, ಪದಗಳ ಪಟ್ಟಿ ಇರಲಿಲ್ಲ, ಪಠ್ಯಪುಸ್ತಕವೂ ಇರಲಿಲ್ಲ. ಇದ್ದದ್ದು ಕೆಲಸಗಳು: ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ನಕ್ಷೆಯಲ್ಲಿ ದಾರಿ ಹುಡುಕುವುದು, ಕೊಟ್ಟ ಸುಳಿವುಗಳಿಂದ ಒಬ್ಬ ಮೇಷ್ಟ್ರ ವಾರದ ವೇಳಾಪಟ್ಟಿ ಕಟ್ಟುವುದು. ಮಗುವಿನ ಗಮನ ಅರ್ಥದ ಮೇಲೆ ಇರುವಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಮೊದಲು ಮೇಷ್ಟ್ರು ಇಡೀ ತರಗತಿಯ ಎದುರು ಅಂಥದ್ದೇ ಒಂದು ಕೆಲಸವನ್ನು ಪ್ರಶ್ನೆ ಕೇಳುತ್ತ ಮಾಡಿಸುತ್ತಿದ್ದರು, ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಮಾಡುತ್ತಿದ್ದರು.

ಕೆಲಸದ ಕಷ್ಟ ಎಷ್ಟಿರಬೇಕು ಎಂಬುದಕ್ಕೆ ಅವರು ಇಟ್ಟುಕೊಂಡ ಗುರುತು ನನಗೆ ಬಹಳ ಮೆಚ್ಚುಗೆಯದು: ತರಗತಿಯ ಕನಿಷ್ಠ ಅರ್ಧದಷ್ಟು ಮಕ್ಕಳು ಕೆಲಸದ ಕನಿಷ್ಠ ಅರ್ಧವನ್ನು ಸರಿಯಾಗಿ ಮಾಡಬೇಕು. ಹಾಗಾಗದಿದ್ದರೆ ಆ ಕೆಲಸ ಸದ್ಯಕ್ಕೆ ಬೇಡ. ಇದರಲ್ಲಿ ಎರಡು ಜಾಣತನಗಳಿವೆ. ಎಲ್ಲರಿಗೂ ಎಲ್ಲವೂ ಬರುವಂಥದ್ದನ್ನು ಇದು ಕೇಳುವುದಿಲ್ಲ. ಹಾಗೆ ಕೇಳಿದ್ದರೆ ಮತ್ತೆ ಪೆನ್ನು ಎತ್ತಿ ತೋರಿಸಬೇಕಾಗುತ್ತಿತ್ತು. ಸೋಲಿನ ಹೊಣೆಯನ್ನು ಇದು ಮಗುವಿನ ತಲೆಗೆ ಕಟ್ಟುವುದೂ ಇಲ್ಲ. ಅರ್ಧ ತರಗತಿ ಸೋತರೆ ತಪ್ಪು ಆರಿಸಿದವರದು. ನಮ್ಮಲ್ಲಿ ಹೀಗೆ ಲೆಕ್ಕ ಹಾಕುವ ರೂಢಿ ಇಲ್ಲ. ತರಗತಿ ಸೋತರೆ ಮಕ್ಕಳು ‘ವೀಕ್’ ಆಗುತ್ತಾರೆ, ಅವರಿಗೆ ‘ಪಾಸಿಂಗ್ ಪ್ಯಾಕೇಜ್’ ಸಿಗುತ್ತದೆ.

ಪ್ರಭು ಅವರ ದಾರಿಯನ್ನು ಕಣ್ಣುಮುಚ್ಚಿ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಪ್ರಯೋಗವನ್ನು ಅಳೆದು ನೋಡಿದ ಬೆರೆಟ್ಟಾ ಮತ್ತು ಡೇವಿಸ್ ಕಂಡದ್ದು ಮಿಶ್ರ ಫಲ: ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದಲ್ಲಿ ಕಲಿತವರು, ಕೆಲಸದ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಬೆರೆಟ್ಟಾ ಆಮೇಲೆ ಇನ್ನೊಂದು ಸಂಗತಿ ಎತ್ತಿ ತೋರಿಸಿದರು. ಹೊರಗಿನಿಂದ ಬಂದ ತರಬೇತುದಾರರಿಗೆ ಒಗ್ಗಿದ ಕ್ರಮ ಶಾಲೆಯ ನಿತ್ಯದ ಮೇಷ್ಟ್ರುಗಳಿಗೆ ಅಷ್ಟು ಒಗ್ಗಿರಲಿಲ್ಲ. ಪುಸ್ತಕವಿಲ್ಲದೆ, ಮುಂದಿನ ವಾಕ್ಯ ಯಾವುದು ಬರುತ್ತದೋ ಗೊತ್ತಿಲ್ಲದೆ, ಮಕ್ಕಳ ಪ್ರಶ್ನೆಗೆ ನಿಂತ ಜಾಗದಲ್ಲೇ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕೆಂದರೆ ಮೇಷ್ಟ್ರಿಗೂ ಆ ಭಾಷೆಯಲ್ಲಿ ಓಡಾಡಿ ಅಭ್ಯಾಸವಿರಬೇಕು.

ಇಲ್ಲಿಗೆ ನಾವು ಯಾರೂ ಗಟ್ಟಿಯಾಗಿ ಹೇಳದ ಮಾತಿಗೆ ಬಂದೆವು. ಪುಟ ಆರಿಸುವಾಗ ಮಗುವಿನ ಮಟ್ಟವನ್ನಷ್ಟೇ ನೋಡಿದರೆ ಸಾಲದು, ಕಲಿಸುವವರ ಮಟ್ಟವನ್ನೂ ನೋಡಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದನ್ನು ಕಲಿಸುವ ಹೊಣೆ ಬಿದ್ದದ್ದು ಗಣಿತ, ಕನ್ನಡ, ಪರಿಸರ ಅಧ್ಯಯನ ಎಲ್ಲವನ್ನೂ ಕಲಿಸುತ್ತಿದ್ದ, ತಾವೇ ಕನ್ನಡ ಮಾಧ್ಯಮದಲ್ಲಿ ಓದಿದ ಶಿಕ್ಷಕರ ಮೇಲೆ. ಅವರನ್ನು ದೂರುವುದು ಅನ್ಯಾಯ. ಅವರ ಕೈಗೆ ಲಂಡನ್ನಿನ ಉಚ್ಚಾರದ ಫೋನಿಕ್ಸ್ ಚಾರ್ಟು ಕೊಟ್ಟು ಓಡಿಹೋಗುವುದು ಇನ್ನೂ ದೊಡ್ಡ ಅನ್ಯಾಯ. ಟೀಚರು ತಾವು ಧೈರ್ಯವಾಗಿ ಗಟ್ಟಿ ದನಿಯಲ್ಲಿ ಓದಬಲ್ಲ, ಓದುತ್ತ ತಾವೂ ನಗಬಲ್ಲ ಕಥೆ, ಪಂಡಿತರು ಮೆಚ್ಚುವ ಪಾಠಕ್ಕಿಂತ ಹೆಚ್ಚು ಇಂಗ್ಲಿಷ್ ಕಲಿಸುತ್ತದೆ.

ಅಂಥ ಕಥೆ ಎಲ್ಲಿ ಸಿಗುತ್ತದೆ? ಹಿಂದೆ ಇದು ನಿಜವಾದ ಕಷ್ಟವಾಗಿತ್ತು, ಈಗ ಅಷ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪುಕ್ಕಟೆ ಸಿಗುತ್ತದೆ, ಮುದ್ರಿಸಿ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ಸೋಮವಾರ ಕಥೆಯನ್ನು ಕನ್ನಡದಲ್ಲಿ ಓದಿ, ಚಿತ್ರ ನೋಡಿ, ನಕ್ಕು ಮುಗಿಸಿದರೆ ಬುಧವಾರ ಇಂಗ್ಲಿಷಿನಲ್ಲಿ ಅದೇ ಪುಟ ತೆರೆದಾಗ ಹೊಸದು ಭಾಷೆ ಒಂದೇ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿಗೆ ಇದು ರುಚಿಸದು. ಮನೆಯ ಭಾಷೆಗಳನ್ನು ಇಂಗ್ಲಿಷ್ ಕಲಿಕೆಗೆ ಬಂಡವಾಳ ಮಾಡಿಕೊಳ್ಳಬೇಕೆಂಬ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ, ಓದಿದವರು ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು. ಇಂಥ ಕಥೆಗಳ ಮೇಲೆ ಹಾಕಿರುವ ಒಂದು, ಎರಡು ಎಂಬ ಮಟ್ಟಗಳು ಓದು ಕಲಿಯುತ್ತಿರುವ ಮಗುವಿನ ಲೆಕ್ಕದವು, ಹೊಸ ಭಾಷೆ ಕಲಿಯುತ್ತಿರುವ ಮಗುವಿನ ಲೆಕ್ಕದವಲ್ಲ. ಒಂದನೆಯ ಮಟ್ಟದ ಕಥೆಯಲ್ಲೂ ಇಂಗ್ಲಿಷಿನ ಮನೆಮಾತಿನ ತಿರುವುಗಳು ಬಂದು ಕಾಲಿಗೆ ತೊಡರುತ್ತವೆ. ಪೆನ್ಸಿಲ್ಲಿನ ಪರೀಕ್ಷೆ ಇಲ್ಲಿಯೂ ಬೇಕು.

ದೊಡ್ಡವರ ವಿಷಯದಲ್ಲಿ ಮಾರುಕಟ್ಟೆ ಇದನ್ನು ಎಂದೋ ಅರಿತಿತ್ತು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಮಾರಾಟವಾಗುವ ರ‍್ಯಾಪಿಡೆಕ್ಸನ್ನು ಇಂಗ್ಲಿಷ್ ಪ್ರಾಧ್ಯಾಪಕರು ಎಷ್ಟೇ ಹಾಸ್ಯಮಾಡಲಿ, ಅದು ಓದುಗನ ಭಾಷೆಯಿಂದ ಶುರುಮಾಡಿ ಅವನಿಗೆ ನಾಳೆ ಬೇಕಾಗುವ ವಾಕ್ಯವನ್ನು ಕೈಗೆ ಕೊಡುತ್ತದೆ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಬೇಕೆಂದಿರುವ ಹೆಣ್ಣುಮಗಳಿಗೆ ರಜಾ ಅರ್ಜಿ, ಸಂಬಳದ ಚೀಟಿ, ಬ್ಯಾಂಕಿನ ಎಸ್ಸೆಮ್ಮೆಸ್ಸು, ಮಾತ್ರೆಯ ಹಾಳೆಯ ಹಿಂಬದಿ, ಇವೇ ಪಠ್ಯ. ಮಾತ್ರೆಯ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಹುಡುಕುವುದು ಪ್ರಭು ಅವರ ಅರ್ಥದಲ್ಲಿ ಅಪ್ಪಟ ‘ಕೆಲಸ’.

ಇಷ್ಟೆಲ್ಲ ಸಿಗುವ ಕಾಲದಲ್ಲಿ ಮೇಷ್ಟ್ರಿಗೆ ಕೊರತೆಗಿಂತ ಅತಿಯೇ ತೊಡಕು. ಶಿಕ್ಷಕರ ವಾಟ್ಸಾಪ್ ಗುಂಪುಗಳಿಗೆ ಬೆಳಗಾದರೆ ವರ್ಕ್‌ಶೀಟು, ಪಿಡಿಎಫ್ಫು, ವಿಡಿಯೋಗಳ ಮಳೆ. ಅದರಲ್ಲಿ ಬಹುಪಾಲು ಬಿಟ್ಟ ಸ್ಥಳ ತುಂಬುವ, ಹೊಂದಿಸಿ ಬರೆಯುವ ಸರಕು. ಮಗುವನ್ನು ನಲವತ್ತು ನಿಮಿಷ ತಲೆತಗ್ಗಿಸಿ ಕೂರಿಸಲು ಅದು ಒಳ್ಳೆಯದು. ತುಂಬಿದ ಮೇಲೆ ಆ ಹಾಳೆಯಿಂದ ಮಗು ಯಾರಿಗಾದರೂ ಏನನ್ನಾದರೂ ಹೇಳುತ್ತದೆಯೇ, ಏನನ್ನಾದರೂ ಪತ್ತೆ ಮಾಡುತ್ತದೆಯೇ? ಇಲ್ಲವಾದರೆ ಅಳಿಸಬಹುದು.

ಇದಕ್ಕೆಲ್ಲ ಹೈಸ್ಕೂಲಿನ ಮೇಷ್ಟ್ರುಗಳ ಬಳಿ ಒಂದೇ ಉತ್ತರವಿದೆ, ಅದು ಬಲವಾದ ಉತ್ತರ: ಪರೀಕ್ಷೆ ಪುಸ್ತಕದ ಮೇಲೆ, ನಾವು ಬೇರೆ ಪುಟ ತೆರೆದರೆ ಸಿಲಬಸ್ ಮುಗಿಸುವವರು ಯಾರು? ಅದಕ್ಕಾಗಿ ಬದಲಾವಣೆ ಮೇಲಿನಿಂದಲೂ ಬರಬೇಕು. ಪುಸ್ತಕದಲ್ಲಿ ಹದಿನಾರು ಪಾಠ ಅಚ್ಚಾಗಲಿ, ಅದರಲ್ಲಿ ಹತ್ತನ್ನು ಆರಿಸಿಕೊಳ್ಳುವ ಹಕ್ಕು ಶಾಲೆಗೆ ಇರಲಿ. ಸಾಹಿತ್ಯದ ರುಚಿ ಹತ್ತಿದ ತರಗತಿ ಪೋರ್ಷಿಯಾಳನ್ನೂ ಆರಿಸಿಕೊಳ್ಳಲಿ, ನಾಟಕದ ಕಥೆಯನ್ನು ಮೊದಲು ಕನ್ನಡದಲ್ಲಿ ಕೇಳಿ, ದೃಶ್ಯವನ್ನು ಆಡಿ. ಪ್ರಶ್ನೆಪತ್ರಿಕೆಯಲ್ಲಿ ಬಾಯಿಪಾಠದ ಅಂಕ ಇಳಿದು, ಮಗು ಹಿಂದೆಂದೂ ಓದದ ಗದ್ಯಭಾಗಕ್ಕೆ ಸಿಂಹಪಾಲು ಅಂಕ ಹೋಗಲಿ. ಆಗ ಯಾವ ಶಾಲೆ ಯಾವ ಹತ್ತನ್ನು ಓದಿತು ಎಂಬುದು ಪರೀಕ್ಷೆಗೆ ಅಡ್ಡಬರುವುದಿಲ್ಲ. ಒಬ್ಬೊಬ್ಬರು ಒಂದೊಂದು ಓದಿದರೆ ಸಮಾನತೆ ಎಲ್ಲಿ ಎಂದು ಕೇಳುವವರಿಗೆ ಇಂದಿನ ಸಮಾನತೆಯನ್ನೇ ತೋರಿಸಬೇಕಾಗುತ್ತದೆ: ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಒಂದೇ ಪಾಠ ಓದುತ್ತಾರೆ, ಬಹುಪಾಲು ಮಕ್ಕಳು ಒಂದೇ ಬಗೆಯ ಗೈಡಿನಿಂದ ಒಂದೇ ಉತ್ತರ ಬರೆಯುತ್ತಾರೆ. ಇಂಗ್ಲಿಷ್ ಮನೆಯಲ್ಲೇ ಸಿಗುವ ಮಗುವಿಗೆ ಈ ಏರ್ಪಾಟಿನಿಂದ ನಷ್ಟವೇನಿಲ್ಲ. ಶಾಲೆಯ ಆ ನಲವತ್ತು ನಿಮಿಷದಲ್ಲಿ ಮಾತ್ರ ಇಂಗ್ಲಿಷ್ ಕಾಣುವ ಮಗುವಿಗೆ ಅದೇ ಸಮಯ ಸಾರಾಂಶ ಬರೆದುಕೊಳ್ಳುವುದರಲ್ಲಿ ಕಳೆಯುತ್ತದೆ.